ಪಟ್ಟಿಯಲ್ಲಿ ಇಲ್ಲದ ಅಕ್ಕ

ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಇಸ್ತ್ರಿ ಅಕ್ಕ ಎಂದು. ಇಪ್ಪತ್ತಾರು ವರ್ಷದಿಂದ ಅವಳ ಕೈಯಲ್ಲಿ ಹಾಸಿಗೆಯ ಬಿಳಿ ಹೊದಿಕೆಗಳು ನುಣುಪಾಗಿ ಹೊರಗೆ ಹೋಗುತ್ತಿವೆ. ಅಷ್ಟನ್ನೂ ಒಂದಕ್ಕೊಂದು ಗಂಟು ಹಾಕಿದರೆ ಚಂದ್ರಲೋಕ ಮುಟ್ಟಬಹುದು ಎಂದು ಜೊತೆಯ ಹೆಂಗಸರು ನಗುತ್ತಾರೆ. "ಹೋಗಿ ಏನು ಮಾಡ್ಲಿ? ಅಲ್ಲೂ ಯಾರಾದ್ರೂ ಮುದುಡಿದ ಹೊದಿಕೆ ಹಿಡ್ಕೊಂಡು ಕಾಯ್ತಿರ್ತಾರೆ," ಎನ್ನುವುದು ಅವಳ ಉತ್ತರ.

ಹೊದಿಕೆ ಮಡಚಲು ಇಬ್ಬರು ಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಎಳೆದು, ಮಡಚಿ, ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ಹಾಗೆ ಎದುರಿಗೆ ಬಂದಾಗ ಮುಖ ಕಾಣುತ್ತದೆ. ಕಳೆದ ಹನ್ನೊಂದು ತಿಂಗಳಿಂದ ಇಸ್ತ್ರಿ ಅಕ್ಕ ಮಡಚುವ ಕೆಲಸವನ್ನು ಬೇರೆಯವರಿಗೆ ಬಿಟ್ಟು ಆವಿ ಯಂತ್ರದ ಹತ್ತಿರವೇ ನಿಲ್ಲುತ್ತಿದ್ದಳು. ಬಿಸಿ ಆವಿಯಲ್ಲಿ ಯಾರ ಕಣ್ಣಾದರೂ ಕೆಂಪಾಗಿಯೇ ಇರುತ್ತದೆ. ಅಲ್ಲಿ ಅತ್ತರೆ ಲೆಕ್ಕಕ್ಕಿಲ್ಲ. ಮನೆಯಲ್ಲಿ ಅಳುವ ಹಾಗಿರಲಿಲ್ಲ.

ಮನೆಯಲ್ಲಿ ತಾಯಿ ಇದ್ದಳು. ಪಾರ್ಶ್ವವಾಯು ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಕಿವಿ ಮಂದ. ಬುದ್ಧಿ ಮಾತ್ರ ಹರಿತವಾಗಿಯೇ ಇತ್ತು. ಮಗ ಸತ್ತು ಹನ್ನೊಂದು ತಿಂಗಳಾದ ಸಂಗತಿ ಆ ತಾಯಿಗೆ ಗೊತ್ತಿರಲಿಲ್ಲ.

ಆ ಮಗ ಇಸ್ತ್ರಿ ಅಕ್ಕನ ತಮ್ಮ, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನು ಇನ್ನೂ ಅಂಬೆಗಾಲಿಡುವಾಗಲೇ ತಂದೆ ತೀರಿಕೊಂಡಿದ್ದ. ತಾಯಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹಗಲು ಪಾಳಿ, ರಾತ್ರಿ ಪಾಳಿ. ಹೆತ್ತವಳು ತಾಯಿ, ಹೊತ್ತವಳು ಅಕ್ಕ ಎಂದು ನೆರೆಹೊರೆಯವರು ಹೇಳುತ್ತಿದ್ದರು. ಹದಿನೆಂಟಕ್ಕೆ ಅಕ್ಕ ಲಾಂಡ್ರಿ ಸೇರಿದಳು. ತಮ್ಮನ ತರಬೇತಿಗೆ ಕಟ್ಟಿದ್ದು ಅವಳ ಸಂಬಳ. ಬಂದ ಎರಡು ಸಂಬಂಧಗಳನ್ನು 'ಆಮೇಲೆ ನೋಡೋಣ' ಎಂದು ಮುಂದೂಡಿದಳು. ಆಮೇಲೆ ನೋಡುವುದಕ್ಕೆ ಯಾರೂ ಬರಲಿಲ್ಲ. ತಮ್ಮ ಲಿಫ್ಟ್ ಮೆಕ್ಯಾನಿಕ್ ಆದ. "ಮೂರನೇ ಮಹಡಿಗೂ ಮೆಟ್ಟಿಲು ಹತ್ತೋನು ನನ್ನ ಹೊಟ್ಟೆ ಮೇಲೆ ಹೊಡೀತಾನೆ ಅಕ್ಕ," ಎಂದು ನಗಿಸುತ್ತಿದ್ದ. ಅವನೂ ಮದುವೆಯಾಗಿರಲಿಲ್ಲ.

ಅವನು ಸತ್ತದ್ದು ಒಂಬತ್ತು ಮಹಡಿಯ ಕಟ್ಟಡವೊಂದರಲ್ಲಿ. ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದಾಗ ಲಿಫ್ಟು ಚಲಿಸಿ ಕೆಳಗೆ ಬಿದ್ದ. ಅಕ್ಕ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶವಾಗಾರದ ಮುಂದಿನ ಬೆಂಚಿನ ಮೇಲೆ ಕಂಪನಿಯವನೊಬ್ಬ ಅವಳ ಪಕ್ಕ ಕೂತು, ಅಂತ್ಯಕ್ರಿಯೆಯ ಖರ್ಚಿಗೆಂದು ಲಕೋಟೆ ಕೊಟ್ಟು, ಒಂದು ಕಾಗದ ಮುಂದೆ ಮಾಡಿದ. "ಹತ್ತಿರದ ಸಂಬಂಧಿ ಅಂತ ಇಲ್ಲೊಂದು ಸಹಿ ಹಾಕಿಬಿಡಿ." ತನಗಿಂತ ಹತ್ತಿರದವರು ಇನ್ಯಾರು? ಹಾಕಿದಳು. ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದು ಅದರಲ್ಲಿ ಬರೆದದ್ದು ಅವಳಿಗೆ ತಿಳಿದದ್ದು ವಾರದ ಮೇಲೆ, ಪ್ರತಿಯನ್ನು ಓದಿದಾಗ. ಮೆಕ್ಯಾನಿಕ್ ಮುಖ್ಯ ಸ್ವಿಚ್ಚಿಗೆ ಬೀಗ ಹಾಕದೆ ಕೆಲಸಕ್ಕೆ ಇಳಿದದ್ದೇ ಅವಘಡಕ್ಕೆ ಕಾರಣವೆಂದು ಕಂಪನಿ ವರದಿ ಬರೆಯಿತು. ಪೊಲೀಸರೂ ಅದನ್ನೇ ನಂಬಿ ಕಡತ ಮುಚ್ಚಿದರು.

ಇನ್ನೊಂದು ಆಘಾತವಾದರೆ ತಾಯಿ ಉಳಿಯುವುದಿಲ್ಲ ಎಂದು ವೈದ್ಯರು ಎಂದೋ ಹೇಳಿದ್ದರು. ಅದನ್ನೇ ಹಿಡಿದುಕೊಂಡು ಅಕ್ಕ ಅವನು ಸತ್ತ ದಿನವೇ ಸಂಜೆ ಮನೆಗೆ ಬಂದು, "ಅವನಿಗೆ ದೂರದಲ್ಲಿ ದೊಡ್ಡ ಕೆಲಸ ಸಿಕ್ತಮ್ಮ, ಹೊರಟೇಬಿಟ್ಟ," ಎಂದಳು. ಸಾಲಿನ ಮನೆಮನೆಗೂ ಹೋಗಿ ಕೈಮುಗಿದಳು. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡರು. ಫೋನಿನ ಪ್ರಶ್ನೆ ಉಳಿಯಿತು. ಅದನ್ನು ಬಗೆಹರಿಸಿದವನು ತಮ್ಮನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ. ಉದ್ದಕ್ಕೆ, ತೆಳ್ಳಗೆ, ತಲೆ ಮಾತ್ರ ದಪ್ಪಗಿದ್ದ ಅವನಿಗೆ ಸ್ಪ್ಯಾನರ್ ಎಂದೇ ಹೆಸರು. ಪ್ರತಿ ಭಾನುವಾರ ಅವನು ಫೋನ್ ಮಾಡಿ ಮಗನ ದನಿಯಲ್ಲಿ ಮಾತಾಡುತ್ತಿದ್ದ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಕೈ ಎತ್ತಕ್ಕೆ ಆಗ್ತಿದ್ಯಾ, ಇಷ್ಟೇ.

"ದೂರ ಹೋದ ಮೇಲೆ ಇವನ ಹತ್ರ ಮೂರೇ ಮಾತು ಉಳಿದಿವೆ ಕಣೇ," ಎನ್ನುತ್ತಿದ್ದಳು ತಾಯಿ. "ಮದುವೆ ಏನಾದ್ರೂ ಮಾಡ್ಕೊಂಡನಾ ಹೇಗೆ? ಗಂಡಸರ ಮಾತು ಕಮ್ಮಿ ಆಗೋದು ಆವಾಗಲೇ."

ಅಕ್ಕ ನಗುತ್ತಿದ್ದಳು. ನಕ್ಕು, ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಸ್ಪ್ಯಾನರ್ ಲಾಂಡ್ರಿಯ ಹಿಂಬಾಗಿಲಿಗೆ ಬಂದ. ಕೊಳೆ ಬಟ್ಟೆಯ ಗಾಡಿಗಳ ನಡುವೆ ನಿಂತು, ತಲೆ ಎತ್ತದೆ ಮಾತಾಡಿದ.

"ಅಕ್ಕ, ಕೆಲಸ ಬಿಟ್ಟೆ. ಇನ್ನು ಹೇಳಬಹುದು. ಅವನು ಬೀಗ ಹಾಕಿದ್ದ."

ಲಿಫ್ಟ್ ಕೆಲಸದವರದ್ದು ಒಂದು ಕಟ್ಟುಪಾಡು. ಕೆಲಸಕ್ಕೆ ಇಳಿಯುವ ಮೊದಲು ಮುಖ್ಯ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು ಕೀಲಿ ಮೇಸ್ತ್ರಿಯ ಹತ್ತಿರ ಇರುತ್ತದೆ. ಅದನ್ನು ಮುಟ್ಟುವ ಮೊದಲು ಆ ಬೀಗದ ಮನುಷ್ಯನನ್ನು ಕಣ್ಣಾರೆ ನೋಡಬೇಕು. ಆದರೆ ಅವಸರದ ಕಟ್ಟಡಗಳಲ್ಲಿ ಇವರೇ ಮಾಡಿಕೊಂಡ ಇನ್ನೊಂದು ರೂಢಿ ಇತ್ತು. ಯಂತ್ರದ ಕೋಣೆಯ ಬಾಗಿಲಿಗೆ ಒಂದು ಮೊಳೆ. ಎಲ್ಲರೂ ಊಟದ ಡಬ್ಬಿಯ ಚೀಲವನ್ನು ಅದಕ್ಕೆ ನೇತುಹಾಕುತ್ತಿದ್ದರು. ಚೀಲ ಇದ್ದರೆ ಮನುಷ್ಯ ಒಳಗಿದ್ದಾನೆ, ಇಲ್ಲದಿದ್ದರೆ ಊಟಕ್ಕೆ ಹೋಗಿದ್ದಾನೆ. ಕೂಗಿ ಕೇಳುವುದಕ್ಕಿಂತ ಮೊಳೆ ನೋಡುವುದು ಸುಲಭ.

"ಅವತ್ತು ಡಬ್ಬಿ ಒಳಗೇ ತಗೊಂಡು ಹೋಗಿದ್ದ. ಊಟಕ್ಕೆ ಇಳಿಯಲ್ಲ, ಅಲ್ಲೇ ಎರಡು ತುತ್ತು ತಿಂತೀನಿ, ಬೇಗ ಮನೆಗೆ ಹೋಗ್ಬೇಕು ಅಂದ. ಎಂಟನೇ ಮಹಡಿಯವರು ಸಾಮಾನು ಸಾಗಿಸ್ಬೇಕು ಅಂತ ಗಲಾಟೆ ಮಾಡಿದ್ರು. ಮೇಸ್ತ್ರಿ ಬಂದು ಮೊಳೆ ನೋಡ್ದ. ಚೀಲ ಇರ್ಲಿಲ್ಲ. ತನ್ನ ಕೀಲಿಯಿಂದ ಬೀಗ ತೆಗ್ದ." ಸ್ಪ್ಯಾನರ್ ಮೂಗು ಒರೆಸಿಕೊಂಡ. "ಅವನು ಬೀಗ ಹಾಕಿದ ಮೇಲೇ ನಾನು ಕೆಳಗಡೆ ತಂತಿ ತರೋಕೆ ಹೋಗಿದ್ದು, ವಾಪಸ್ ಬಂದಾಗ ಆ ಬೀಗ ಮೇಸ್ತ್ರಿ ಕೈಲಿತ್ತು. ಯಾವ ಕೋರ್ಟಿಗಾದ್ರೂ ಬಂದು ಹೇಳ್ತೀನಿ."

ತಮ್ಮನಿಗೆ ಬೇಗ ಮನೆಗೆ ಹೋಗಬೇಕಿದ್ದದ್ದು ಏಕೆಂದು ಅಕ್ಕನಿಗೆ ಗೊತ್ತಿತ್ತು. ಅಂದು ತಾಯಿಗೆ ಕೈಕಾಲು ವ್ಯಾಯಾಮ ಮಾಡಿಸುವ ಸರದಿ ಅವಳದ್ದು. ಹೆಚ್ಚಿನ ಪಾಳಿ ಬಂದದ್ದರಿಂದ, "ಇವತ್ತೊಂದಿನ ನೀನು ಬೇಗ ಬಾರೋ," ಎಂದು ಬೆಳಿಗ್ಗೆ ಅವಳೇ ಹೇಳಿದ್ದಳು.

ಮರುದಿನ ಅವಳು ವಕೀಲಮ್ಮನ ಎದುರು ಕೂತಿದ್ದಳು. ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಕೆಳಗಿನ ಯಂತ್ರ ಓಡಿದಾಗಲೆಲ್ಲ ಮೇಜು ಸಣ್ಣಗೆ ನಡುಗುತ್ತಿತ್ತು. ವಕೀಲಮ್ಮ ಎಲ್ಲ ಕೇಳಿಸಿಕೊಂಡು, ಶವಾಗಾರದ ಕಾಗದದ ಪ್ರತಿಯನ್ನು ಎರಡು ಸಲ ಓದಿದರು.

"ಪೊಲೀಸರು ಕಡತ ಮುಚ್ಚಿದ್ರೆ ಮುಚ್ಚಲಿ," ಎಂದರು. "ಅದು ಅಪರಾಧದ ಮಾತು, ಜೈಲಿನ ಮಾತು. ಇದು ಬೇರೆ ದಾವೆ. ಒಬ್ಬರ ನಿರ್ಲಕ್ಷ್ಯದಿಂದ ಒಂದು ಜೀವ ಹೋಯ್ತು, ಆ ಜೀವದ ಆಸರೆಯಲ್ಲಿ ಇದ್ದೋರಿಗೆ ನಷ್ಟ ಆಯ್ತು, ಅದಕ್ಕೆ ನೀವು ಹೊಣೆ ಹೊರಿ ಅಂತ ಕೇಳೋದು. ಗೆಳೆಯ ಸಾಕ್ಷಿ ಹೇಳಿದ್ರೆ ಜೀವ ಇದೆ ಇದರಲ್ಲಿ."

"ನಾನು ಸಹಿ ಹಾಕಿ ಕೂತಿದೀನಲ್ಲ ಮೇಡಂ. ಅವನ್ನ ಮಾರಿಬಿಟ್ಟೆ ನಾನು."

"ನೀವು ಅವರಿಗೆ ಏನಾಗ್ಬೇಕು?"

"ಅಕ್ಕ."

"ಅವರಿಗೆ ಹೆಂಡತಿ? ಮಕ್ಕಳು?"

"ಇಲ್ಲ."

ವಕೀಲಮ್ಮ ಕಾಗದವನ್ನು ಮಡಚಿ ಬದಿಗಿಟ್ಟರು. "ಹಾಗಾದ್ರೆ ಇದು ಪೊಟ್ಟಣ ಕಟ್ಟೋಕೂ ಆಗದ ಕಾಗದ. ಈ ದಾವೆ ಯಾರು ಹಾಕಬಹುದು ಅಂತ ಕಾನೂನು ಪಟ್ಟಿ ಮಾಡಿದೆ ಅಮ್ಮ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ. ಅಲ್ಲಿಗೆ ಮುಗೀತು. ಅಕ್ಕ ಇಲ್ಲ. ಇಲ್ಲದ ಹಕ್ಕನ್ನ ಬಿಟ್ಟುಕೊಡೋಕೆ ಬರಲ್ಲ. ಕಂಪನಿಯೋರು ತಪ್ಪು ಜನರ ಕೈಲಿ ಸಹಿ ಹಾಕಿಸ್ಕೊಂಡಿದಾರೆ."

ಹನ್ನೊಂದು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಕೆಳಗಿಳಿಯಿತು. ಇಳಿಯುವಾಗ ಅದು ಕಾಲಿನ ಮೇಲೆಯೇ ಬಿತ್ತು.

"ಜ್ವರ ಬಂದಾಗ ರಾತ್ರಿಯೆಲ್ಲ ತೊಡೆ ಮೇಲೆ ಹಾಕ್ಕೊಂಡು ಕೂತೋಳು ನಾನು," ಎಂದಳು ಇಸ್ತ್ರಿ ಅಕ್ಕ. "ಓದಿಸಿದೋಳು ನಾನು. ನಾನು ಯಾರೂ ಅಲ್ವಾ?"

"ನನ್ನ ಹತ್ರ ಬರೋ ಅರ್ಧ ಜನ ಇದನ್ನೇ ಕೇಳ್ತಾರೆ. ಕಾನೂನು ಎಲ್ಲೋ ಒಂದು ಗೆರೆ ಎಳೀಲೇಬೇಕು. ನೀವು ಆ ಗೆರೆಯಿಂದ ಆಚೆ ಬಿದ್ದಿದೀರಿ. ತಾಯಿ ಇದಾರಲ್ಲ, ಅವರು ಹಾಕ್ಲಿ. ಆದ್ರೆ ಸತ್ತ ದಿನದಿಂದ ವರ್ಷದೊಳಗೆ ಆಗ್ಬೇಕು. ಇನ್ನು ಒಂಬತ್ತೇ ದಿನ ಇದೆ."

ಆಗ ಇಸ್ತ್ರಿ ಅಕ್ಕ ತಾಯಿಯ ವಿಷಯ ಹೇಳಬೇಕಾಯಿತು. ವಕೀಲಮ್ಮನ ಮುಖ ಬಿಗಿಯಿತು.

"ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ಲಾ ಮೇಡಂ? ಪಿಂಚಣಿ ಕಾಗದ ಅಂತ ಹೇಳಿ?"

"ಬೇಡ. ನೀವು ಹಾಗೆ ತಂದ್ರೆ ನಾನು ಹರಿದು ಹಾಕ್ತೀನಿ. ಅವರ ಪರವಾಗಿ ನಿಮಗೆ ಅಧಿಕಾರಪತ್ರ ಕೊಡಿಸೋದಕ್ಕೂ ಅವರಿಗೆ ವಿಷಯ ಗೊತ್ತಿರ್ಬೇಕು. ದಾವೆಯನ್ನ ಅವರಿಗೆ ಓದಿ ಹೇಳ್ಬೇಕು, ಅರ್ಥ ಆಯ್ತು ಅಂತ ಅವರು ಹೇಳ್ಬೇಕು, ಆಮೇಲೆ ಹೆಬ್ಬೆಟ್ಟು. ಮಗ ಹೋದ ಅಂತ ತಿಳಿಯದ ತಾಯಿ ಮಗನ ಸಾವಿನ ದಾವೆ ಹಾಕೋದು ಹೇಗೆ?"

ಆ ಒಂಬತ್ತು ದಿನಗಳಲ್ಲಿ ಅವಳು ಹೇಳಲು ಹೊರಟದ್ದು ಎಷ್ಟು ಸಲವೋ. ಮೊದಲ ದಿನ ತಾಯಿಗೆ ಊಟ ಮಾಡಿಸಿದ ಮೇಲೆ ಹೇಳೋಣ ಎಂದುಕೊಂಡಳು. ತಿಂದ ಅನ್ನ ಮೈಗೆ ಹತ್ತಲಿ ಎಂದು ಬಿಟ್ಟಳು. ಎರಡನೆಯ ದಿನ ಊಟಕ್ಕೆ ಮೊದಲು ಎಂದುಕೊಂಡಳು; ಹಸಿದ ಹೊಟ್ಟೆಗೆ ಹೇಗೆ ಹೇಳಲಿ ಎಂದು ಬಿಟ್ಟಳು. ಮೂರನೆಯ ದಿನ ವೈದ್ಯರ ಹತ್ತಿರ ಓಡಿದಳು. ಅವರು ರಕ್ತದ ಒತ್ತಡದ ಚೀಟಿ ನೋಡಿ, "ಏನಾಗುತ್ತೆ ಅಂತ ನಾನು ಬರೆದುಕೊಡೋಕಾಗಲ್ಲಮ್ಮ," ಎಂದು ಮುಂದಿನ ರೋಗಿಯನ್ನು ಕರೆದರು. ನಾಲ್ಕನೆಯ ದಿನ, "ಅಮ್ಮಾ, ಅವನಿಗೆ ಹುಷಾರಿಲ್ವಂತೆ," ಎಂದು ಶುರುಮಾಡಿದಳು. ಮೆಟ್ಟಿಲು ಮೆಟ್ಟಿಲಾಗಿ ಇಳಿಸೋಣ ಎಂದು ಅವಳ ಎಣಿಕೆ. ತಾಯಿಯ ಎಡಗೈ ಹಾಸಿಗೆಯನ್ನು ಗಪ್ಪನೆ ಹಿಡಿಯಿತು. "ಏನಾಗಿದೆ? ಫೋನ್ ಮಾಡು, ಈಗಲೇ." ಅಕ್ಕನ ಧೈರ್ಯ ಉಡುಗಿಹೋಯಿತು. "ನೆಗಡಿ ಅಷ್ಟೇಮ್ಮ."

ಐದನೆಯ ದಿನ ಲಾಂಡ್ರಿಯಲ್ಲಿ ಆವಿ ಯಂತ್ರದ ಬಿಸಿ ತಟ್ಟೆಗೆ ಕೈ ತಾಗಿ ಸುಟ್ಟುಕೊಂಡಳು. ಆರನೆಯ ದಿನ ಭಾನುವಾರ. ಫೋನ್ ಬಂತು. "ನೆಗಡಿ ಹೇಗಿದೆ ಮಗಾ?" ಎಂದು ತಾಯಿ ಕೇಳಿದಳು. ಆ ಕಡೆಯಿಂದ ಸ್ಪ್ಯಾನರ್ ಏನೂ ತಿಳಿಯದೆ, "ಯಾವ ನೆಗಡಿ?" ಎಂದ. ತಾಯಿ ನಕ್ಕಳು. "ನೋಡು, ಅಕ್ಕ ಸುಮ್ನೆ ಹೆದರಿಸ್ತಾಳೆ ನನ್ನ." ಆ ನಗುವಿನ ಮುಂದೆ ಏಳನೆಯ ದಿನವೂ ಹೋಯಿತು.

ಎಂಟನೆಯ ದಿನ ಮಧ್ಯಾಹ್ನ ವಕೀಲಮ್ಮ ಕಡತ ಹಿಡಿದು ಮನೆಗೇ ಬಂದರು. ಹಿಂದೆ ಶಾಯಿಯ ಡಬ್ಬಿ ಹಿಡಿದ ಮುದಿ ಗುಮಾಸ್ತ.

"ಹೇಳಿದ್ರಾ?" ಎಂದು ಹೊಸ್ತಿಲಲ್ಲೇ ಕೇಳಿದರು.

"ಹೇಳಿದೀನಿ," ಎಂದಳು ಇಸ್ತ್ರಿ ಅಕ್ಕ. ಆ ಸುಳ್ಳು ಹೊರಟ ಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಮಾತ್ರೆಗಳ ಚೀಲ. ವಕೀಲಮ್ಮ ಕುರ್ಚಿಯನ್ನು ತಾಯಿಯ ಎಡಕಿವಿಯ ಹತ್ತಿರ ಎಳೆದುಕೊಂಡು, "ಅಮ್ಮಾ, ಜೋರಾಗಿ ಓದ್ತೀನಿ. ಅರ್ಥ ಆಗದಿದ್ರೆ ಕೈ ಎತ್ತಿ," ಎಂದು ಶುರುಮಾಡಿದರು. "ವಾದಿಯಾದ ನಾನು ಮೃತನ ತಾಯಿ. ಮೃತನಿಗೆ ಹೆಂಡತಿ, ಮಕ್ಕಳು ಇರುವುದಿಲ್ಲ. ಮೃತನು ಲಿಫ್ಟ್ ದುರಸ್ತಿಯ ಕೆಲಸದಲ್ಲಿದ್ದು..."

ತಾಯಿ ಎಡಗೈ ಎತ್ತಿದಳು.

"ಯಾರ ತಾಯಿ?"

ವಕೀಲಮ್ಮ ಇಸ್ತ್ರಿ ಅಕ್ಕನ ಕಡೆ ತಿರುಗಿದರು. ಅವಳು ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದಿದ್ದಳು. ಆ ನೋಟವೇ ತಾಯಿಗೆ ಸಾಕಾಯಿತು. ಆದರೂ ಕೇಳಿದಳು.

"ಏ, ಇವರು ಯಾರ ವಿಷಯ ಓದ್ತಿದಾರೆ?"

"ಅವನದ್ದೇ ಅಮ್ಮ."

"ಯಾವಾಗ?"

"ನಾಳೆಗೆ ವರ್ಷ."

ತಾಯಿ ಕಣ್ಣು ಮುಚ್ಚಿದಳು. ಗುಮಾಸ್ತ ಹೆದರಿ ನೀರಿನ ಲೋಟ ಹಿಡಿದು ನಿಂತ. ಕಣ್ಣು ತೆರೆದಾಗ ಅವಳ ದನಿ ಸವೆದು ಹೋಗಿತ್ತು.

"ಭಾನುವಾರ ಮಾತಾಡ್ತಿದ್ದೋನು?"

"ಸ್ಪ್ಯಾನರ್."

"ಹೆರಿಗೆ ವಾರ್ಡಲ್ಲಿ ಕೂಸು ಉಳೀದೆ ಇದ್ರೆ ತಾಯಿಗೆ ಹೇಳ್ತಿದ್ದೋಳು ನಾನು," ಎಂದಳು ತಾಯಿ. ಮಗಳಿಗೆ ಹೇಳಿದಳೋ ಗೋಡೆಗೆ ಹೇಳಿದಳೋ ತಿಳಿಯಲಿಲ್ಲ. "ಡಾಕ್ಟರು ಜಾರ್ಕೊಳ್ತಿದ್ರು, ನರ್ಸು ಜಾರ್ಕೊಳ್ತಿದ್ರು. ನಾನು ಹೋಗಿ ಹೇಳ್ತಿದ್ದೆ. ಎದೆಗೆ ಹಾಲು ಇಳಿಯೋಕೆ ಮುಂಚೆ ಹೇಳ್ಬೇಕು, ಇಲ್ದಿದ್ರೆ ಆ ಹಾಲು ಅವಳನ್ನ ತಿಂದು ಹಾಕುತ್ತೆ. ಒಂದು ವರ್ಷ ನನಗೆ ಹಾಲು ಇಳಿಸಿದ್ಯಲ್ಲೇ ನೀನು."

ನಿನ್ನನ್ನು ಉಳಿಸಿಕೊಳ್ಳುವುದಕ್ಕೆ ಎಂದು ಇಸ್ತ್ರಿ ಅಕ್ಕ ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ನಾನೇ ಅವನಿಗೆ ಬೇಗ ಬಾ ಎಂದಿದ್ದೆ ಎನ್ನುವುದು ಅದರ ಕೆಳಗೆ ಇನ್ನೊಂದು ನಿಜವಾಗಿ ಕೂತಿತ್ತು. ಅವಳು ಅದನ್ನು ಹೇಳಿದಳು. ಡಬ್ಬಿ, ಮೊಳೆ, ಮೇಸ್ತ್ರಿಯ ಕೀಲಿ, ಶವಾಗಾರದ ಬೆಂಚು, ತನ್ನ ಸಹಿ, ಒಂದನ್ನೂ ಬಿಡದೆ ನೆಲದ ಮೇಲೆ ಕೂತೇ ಹೇಳಿದಳು. ವಕೀಲಮ್ಮ ಏಳಲು ನೋಡಿದರು. ತಾಯಿ ಎಡಗೈಯಿಂದ ಅವರ ಸೆರಗು ಹಿಡಿದಳು.

"ಎಲ್ಲಿಗೆ ಹೋಗ್ತೀರಿ? ಪೂರ್ತಿ ಓದಿ."

ಓದಿದರು. ಬಿದ್ದ ಮೇಲೆ ನಲವತ್ತು ನಿಮಿಷ ಜೀವವಿತ್ತು ಎಂಬ ಕಡೆ ವಕೀಲಮ್ಮನ ದನಿ ತಗ್ಗಿತು. "ಜೋರಾಗಿ," ಎಂದಳು ತಾಯಿ. ಮೃತನು ಬೀಗ ಹಾಕಿದ್ದನು ಎಂಬಲ್ಲಿ ಮತ್ತೆ ಕೈ ಎತ್ತಿದಳು.

"ಹಾಕಿದ್ನಾ?"

"ಹಾಕಿದ್ರು ಅಮ್ಮ. ಹಾಕಿರಲಿಲ್ಲ ಅಂತ ಅವರು ಬರೆದಿದಾರೆ. ಅದನ್ನ ಸುಳ್ಳು ಮಾಡೋಕೇ ಈ ದಾವೆ."

"ಹಾಗಾದ್ರೆ ಅದನ್ನ ಮೊದಲು ಬರೀರಿ. ಎಲ್ಲೋ ಮಧ್ಯದಲ್ಲಿ ಹುದುಗಿಸಿದೀರಿ."

ಗುಮಾಸ್ತ ಶಾಯಿ ಡಬ್ಬಿ ತೆರೆದ. ತಾಯಿ ಮುಖ ತಿರುಗಿಸಿದಳು. "ಇವತ್ತು ಆಗಲ್ಲ. ಇವತ್ತು ನನ್ನ ಮಗ ಸತ್ತಿದಾನೆ. ನಾಳೆ ಬನ್ನಿ."

"ನಾಳೆ ಕೊನೇ ದಿನ ಅಮ್ಮ."

"ನಾಳೆ ತನಕ ಇರ್ತೀನಿ ನಾನು. ಹೆದರ್ಬೇಡಿ."

ಅಂದು ಸಂಜೆ ಆ ಮನೆಯಿಂದ ಹೊರಟ ಅಳು ಸಾಲಿನ ಕೊನೆಯ ಮನೆಗೂ ಕೇಳಿಸಿತು. ಒಂದು ವರ್ಷ ಬಾಯಿ ಬಿಗಿಹಿಡಿದಿದ್ದ ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮಂಚದ ಸುತ್ತ ಕೂತರು. ಇಸ್ತ್ರಿ ಅಕ್ಕ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನೀರು ಕುಡಿಸಲು ಒಳಗೆ ಹೋದಾಗ ತಾಯಿ ಬಾಯಿ ತೆರೆಯಲಿಲ್ಲ. ಪಕ್ಕದ ಮನೆಯವಳ ಕೈಯಿಂದ ಕುಡಿದಳು.

ಬೆಳಿಗ್ಗೆ ಹತ್ತಕ್ಕೆ ವಕೀಲಮ್ಮ ಬಂದರು. ಬೀಗದ ಮಾತು ಈಗ ಮೊದಲ ಪುಟದಲ್ಲಿತ್ತು. ತಾಯಿ ಮತ್ತೆ ಪೂರ್ತಿ ಓದಿಸಿಕೊಂಡು, ಅರ್ಥವಾಯಿತು ಎಂದು ಹೇಳಿ, ಎಡಗೈ ಮುಂದೆ ಚಾಚಿದಳು. ಆ ಬೆರಳನ್ನು ಯಾರು ಹಿಡಿದು ಒತ್ತಿಸಬೇಕು ಎಂದು ಗುಮಾಸ್ತ ಸುತ್ತ ನೋಡಿದ. "ಯಾರೂ ಬೇಡ," ಎಂದು ತಾಯಿ ತಾನೇ ಒತ್ತಿದಳು. ಒಂಬತ್ತು ಪುಟ, ಒಂಬತ್ತು ಹೆಬ್ಬೆಟ್ಟು.

ಕೋರ್ಟಿನ ಕಿಟಕಿಯ ಮುಂದೆ ಸರತಿ ಉದ್ದವಿತ್ತು. ವಕೀಲಮ್ಮನ ಹಿಂದೆ ಇಸ್ತ್ರಿ ಅಕ್ಕ ನಿಂತಳು. ಗಡಿಯಾರ ಮೂರು ದಾಟಿತು. ಕಿಟಕಿಯವನು ಒಂದು ಪುಟದ ಹೆಬ್ಬೆಟ್ಟು ಮಸುಕಾಗಿದೆ ಎಂದ. ಅವನು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಗೆರೆಗಳು ಕಾಣುತ್ತವೆ ಎಂದು ಮುದ್ರೆ ಒತ್ತಿದ. ಒಂದು ಸಂಖ್ಯೆ ಕೊಟ್ಟ. "ನೀವು ವಾದಿಯಾ?" ಎಂದು ಅವಳನ್ನು ಕೇಳಿದ.

"ಅಲ್ಲ. ವಾದಿ ನಮ್ಮಮ್ಮ."

"ಹಾಗಾದ್ರೆ ಪಕ್ಕಕ್ಕೆ ನಿಂತ್ಕೊಳ್ಳಿ, ಹಿಂದಿನೋರಿಗೆ ಜಾಗ ಬಿಡಿ."

ಅವಳು ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಉಳಿದಿತ್ತು. ದಾವೆ ದಾಖಲಾಯಿತು ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಗೆಲ್ಲುವುದಕ್ಕೆ ವರ್ಷಗಳು ಹಿಡಿಯಬಹುದು, ಸೋಲಲೂಬಹುದು ಎಂದು ವಕೀಲಮ್ಮ ಹೇಳಿದ್ದನ್ನೂ ಮುಚ್ಚಿಡದೆ ಹೇಳಿದಳು. ತಾಯಿ ಎಲ್ಲ ಕೇಳಿಸಿಕೊಂಡಳು. ಎರಡು ದಿನದಲ್ಲಿ ಮುಖ ಅಂಗೈಯಷ್ಟಾಗಿತ್ತು.

"ಎಲ್ಲಿ ಮಣ್ಣು ಮಾಡಿದೀಯ ಅವನ್ನ?"

"ಗುಡ್ಡದ ಹಿಂದೆ. ಗಾಡಿ ಹೋಗಲ್ಲ ಅಲ್ಲಿಗೆ."

"ನಾನು ನೋಡ್ಬೇಕು."

"ಹೇಗಮ್ಮಾ..."

"ಹೊತ್ಕೊಂಡು ಹೋಗು," ಎಂದಳು ತಾಯಿ. "ಅವನನ್ನ ನನಗೆ ಕಾಣದ ಹಾಗೆ ಹೊತ್ತು ಹೋದ್ಯಲ್ಲ. ನನ್ನನ್ನೂ ಹೊರು."

ತಾಯಿಯ ಮುಖ ಇಸ್ತ್ರಿ ಅಕ್ಕನ ಕಡೆಗೇ ಇತ್ತು. ಎರಡು ದಿನದಲ್ಲಿ ಅದೇ ಮೊದಲು. ಅವಳು ಸುಟ್ಟ ಕೈಯ ಪಟ್ಟಿಯನ್ನು ಬಿಗಿ ಮಾಡಿಕೊಂಡು ಹೊರಗೆ ಇಳಿದಳು. ಮೊದಲನೆಯ ಮನೆಯ ಬಾಗಿಲು ತಟ್ಟಿದಳು. ಅಲ್ಲಿದ್ದ ಬಡಗಿ ಬಾಗಿಲು ತೆರೆದ.

"ನಾಳೆ ಬೆಳಿಗ್ಗೆ ಅಮ್ಮನ್ನ ಗುಡ್ಡದ ಹಿಂದೆ ಕರ್ಕೊಂಡು ಹೋಗ್ಬೇಕಣ್ಣ," ಎಂದಳು. "ಒಂದು ಗಟ್ಟಿ ಕುರ್ಚಿ ಬೇಕು. ನಾಲ್ಕು ಜನ ಹೊರೋರು ಬೇಕು. ಒಂದು ಮೂಲೆ ನಾನು ಹಿಡೀತೀನಿ. ಇನ್ನೂ ಮೂರು ಜನ."